ಮೂರು ಪೆಡಲ್ ಅಂಬಾಸಿಡರ್ ಎರಡು ಪೆಡಲ್ ಆದ ಕಥೆ

ಅಪ್ಪನ ಚಪ್ಪಲಿ ಕ್ಲಚ್ ಪೆಡಲ್ ಕೆಳಗೆ ಸಿಕ್ಕಾಕೊಂಡಿದ್ದು ಮೈಸೂರಿನ ಅಗ್ರಹಾರ ಸರ್ಕಲ್‌ನಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಹಿಂದೆ ಸಿಟಿ ಬಸ್ಸು, ಮುಂದೆ ಎಳನೀರು ತುಂಬಿದ ಟೆಂಪೋ. ಕಾಲು ಒತ್ತೋಕೆ ಬರತ್ತೆ, ಎತ್ತೋಕೆ ಬರಲ್ಲ. ಗಾಡಿ ಎರಡು ಸಲ ಕುಪ್ಪಳಿಸಿ ಆಫ್ ಆಯ್ತು. ಬಸ್ಸಿನವನು ಹಾರನ್ ಮೇಲೆ ಕೈ ಇಟ್ಟೋನು ತೆಗೀಲೇ ಇಲ್ಲ. ಅಪ್ಪ ಏನೂ ಮಾತಾಡದೆ ಕೀ ತೆಗೆದು ನನ್ನ ಕೈಗೆ ಕೊಟ್ಟು, ಇಳಿದು, ಬಾನೆಟ್ ಹಿಡ್ಕೊಂಡು ಸುತ್ತಿ ಬಂದು ಎಡಗಡೆ ಸೀಟಲ್ಲಿ ಕೂತ್ರು. 1986ರಲ್ಲಿ ಆ ಗಾಡಿ ಮನೆಗೆ ಬಂದಾಗಿಂದ ಅಪ್ಪ ಅದರ ಎಡಗಡೆ ಕೂತಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಸೊಂಟದ ಡಿಸ್ಕ್ ಜಾರಿ ನರ ಒತ್ತಿತ್ತು, ಎಲ್4-ಎಲ್5 ಅಂತಾರಲ್ಲ ಆ ಜಾಗ. ನಾವು ಆ ಎಣ್ಣೆ ಈ ಎಣ್ಣೆ ಅಂತ ಹಚ್ಚಿಸಿ ತಿಂಗಳುಗಟ್ಟಲೆ ಕಳೆದು ಆಮೇಲೆ ಆಪರೇಷನ್ ಮಾಡ್ಸಿದ್ದು, ನೋವು ಹೋಯ್ತು, ಆದ್ರೆ ಎಡಪಾದದ ಮುಂದಿನ ಭಾಗ ಎತ್ತೋ ಶಕ್ತಿ ವಾಪಸ್ ಬರಲಿಲ್ಲ. ಫುಟ್ ಡ್ರಾಪ್ ಅಂತಾರೆ. ನಡೆಯೋವಾಗ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಹಾಕೊಂಡ್ರೆ ಗೊತ್ತೂ ಆಗಲ್ಲ. ಬಲಗಾಲು ಕಲ್ಲಿನ ಹಾಗಿದೆ, ಕಣ್ಣು ಚೆನ್ನಾಗಿದೆ, ಕೈ ಚೆನ್ನಾಗಿದೆ. ಡಾಕ್ಟ್ರು ಹೇಳಿದ್ದು ಇಷ್ಟೇ, ಗಾಡಿ ಓಡಿಸಬಹುದು, ಕ್ಲಚ್ ಇರೋ ಗಾಡಿ ಬೇಡ.

ಸರಿ, ಒಂದು ಸಣ್ಣ ಆಟೋಮ್ಯಾಟಿಕ್ ಕಾರು ಸೆಕೆಂಡ್ ಹ್ಯಾಂಡ್ ನೋಡೋಣ ಅಪ್ಪ ಅಂದೆ. "ತಗೋ, ನೀನೇ ಓಡ್ಸು" ಅಂದ್ರು, ಪೇಪರ್‌ನಿಂದ ಕಣ್ಣು ತೆಗೀದೆ.

ಗಾಡಿ ಬಗ್ಗೆ ಹೇಳಬೇಕು. 1971ರ ಅಂಬಾಸಿಡರ್ ಮಾರ್ಕ್ 2, ಬೂದು ಬಣ್ಣ, ಸಕಲೇಶಪುರ ಕಡೆಯ ಒಬ್ಬ ಕಾಫಿ ಪ್ಲಾಂಟರ್ ಹತ್ರ ಅಪ್ಪ ಕೊಂಡಿದ್ದು. ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನೋರು ಮಾಡ್ತಿದ್ದ ಗಾಡಿ, ಹುಟ್ಟು ಮಾತ್ರ ಇಂಗ್ಲೆಂಡಿಂದು, ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ನಾಲ್ಕು ಸಿಲಿಂಡರ್, 1489 ಸಿಸಿ, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಅಂದ್ರೆ ಬಿಎಂಸಿಯ ಬಿ-ಸೀರೀಸ್ ಎಂಜಿನ್, 55 ಕುದುರೆ ಶಕ್ತಿ. ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಎಡಗೈಗೆ. ನಾಲ್ಕು ಗೇರ್, ಅದ್ರಲ್ಲಿ ಫಸ್ಟ್ ಗೇರ್‌ಗೆ ಹಲ್ಲುಗಳ ವೇಗ ತಾನೇ ಹೊಂದಿಸೋ ಸಿಂಕ್ರೊಮೆಶ್ ಇಲ್ಲ, ಅಂದ್ರೆ ಗಾಡಿ ಉರುಳ್ತಾ ಇರೋವಾಗ ಸೆಕೆಂಡಿಂದ ಫಸ್ಟಿಗೆ ಇಳಿಸಬೇಕಂದ್ರೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಒಂಚೂರು ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಫಸ್ಟಿಗೆ ಹಾಕಬೇಕು, ಇಷ್ಟೆಲ್ಲ ಚಾಮುಂಡಿ ಬೆಟ್ಟದ ತಿರುವಲ್ಲಿ, ಹಿಂದೆ ಆರು ಜನ ನೆಂಟರು ಕೂತಿರೋವಾಗ. ಅಪ್ಪ ಅದನ್ನ ಮಾತಾಡ್ತಾ ಮಾಡೋರು, ಕರ್ ಅಂತ ಒಂದು ಸದ್ದೂ ಬರ್ತಿರಲಿಲ್ಲ. ನಾನು ಮಾಡಿದ್ರೆ ಕಾಫಿ ಬೀಜ ಪುಡಿ ಮಾಡಿಸಿದ ಹಾಗಿರ್ತಿತ್ತು. ಚಿಕ್ಕ ವಯಸ್ಸಲ್ಲಿ ನನಗೆ ಅಪ್ಪ ಅಂದ್ರೆ ಮೊದಲು ನೆನಪಾಗ್ತಿದ್ದಿದ್ದೇ ಆ ಎಡಗೈ, ಕಡ್ಡಿ ಮೇಲೆ ಎರಡು ಬೆರಳು.

ಅದಕ್ಕೇ ಆ ಗಾಡಿಗೆ ಆಟೋಮ್ಯಾಟಿಕ್ ಹಾಕೋ ಯೋಚನೆ ಬಂದಾಗ ನನಗೇ ಒಂಥರಾ ತಪ್ಪು ಮಾಡ್ತಿದೀನಿ ಅನ್ನಿಸ್ತು.

ಯೋಚನೆ ಬಂದಿದ್ದು ಹೇಗೆ ಅಂದ್ರೆ, ರಾತ್ರಿ ಹಳೇ ಮಾರಿಸ್ ಬಗ್ಗೆ ಓದ್ತಾ ಕೂತಿದ್ದೆ. ಅಂಬಾಸಿಡರಿನ ತಾಯಿ ಅನ್ನಬಹುದಾದ ಅದೇ ಸೀರೀಸ್ 3 ಆಕ್ಸ್‌ಫರ್ಡ್‌ಗೆ ಇಂಗ್ಲೆಂಡಲ್ಲಿ 1956ರಲ್ಲೇ ಕ್ಲಚ್ ಪೆಡಲ್ ಇಲ್ಲದ ಒಂದು ಆಪ್ಷನ್ ಇತ್ತಂತೆ, ಮ್ಯಾನುಮ್ಯಾಟಿಕ್ ಅಂತ ಹೆಸರು. ಗೇರ್ ಕಡ್ಡಿ ಮುಟ್ಟಿದ ಕೂಡಲೇ ಅದರಲ್ಲಿರೋ ಸ್ವಿಚ್ ಆನ್ ಆಗಿ, ಎಂಜಿನ್ನಿನ ವ್ಯಾಕ್ಯೂಮ್ ಬಲದಿಂದ ಕ್ಲಚ್ ಬಿಡಿಸತ್ತೆ. ಹೊರಡೋವಾಗ ಎಂಜಿನ್ ವೇಗ ಏರಿದ ಹಾಗೆ ಕ್ಲಚ್ ತಾನೇ ಹಿಡ್ಕೊಳತ್ತೆ. ಗೇರ್ ಮಾತ್ರ ನಾವೇ ಹಾಕಬೇಕು. ಹೆಚ್ಚು ಜನ ಅದನ್ನ ಕೊಳ್ಳಲಿಲ್ಲ, ಬೇಗ ಮರೆಯಾಯ್ತು. ನಮ್ಮಲ್ಲಿ ಈಗ ಕಾಲಿಗೆ ತೊಂದರೆ ಇರೋರಿಗೆ ಹಾಕಿಕೊಡೋ ಆಟೋ ಕ್ಲಚ್ ಕಿಟ್‌ಗಳೂ ಹೆಚ್ಚುಕಮ್ಮಿ ಇದೇ ಉಪಾಯ. ಅದನ್ನೂ ವಿಚಾರಿಸಿದೆ. ಆದ್ರೆ ಸಿಂಕ್ರೊ ಇಲ್ಲದ ಫಸ್ಟ್ ಗೇರ್‌ಗೆ ಡಬಲ್ ಕ್ಲಚ್ ಮಾಡೋದು ಆ ಕಿಟ್‌ಗೆ ಯಾರು ಕಲಿಸ್ತಾರೆ?

ಇನ್ನೂ ಓದ್ತಾ ಹೋದಾಗ ಸಿಕ್ಕಿದ್ದು ಬೋರ್ಗ್-ವಾರ್ನರ್ ಟೈಪ್ 35. ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ತಯಾರಾಗ್ತಿದ್ದ ಮೂರು ಸ್ಪೀಡಿನ ಆಟೋಮ್ಯಾಟಿಕ್, ಸಣ್ಣ ಮತ್ತು ಮಧ್ಯಮ ಗಾತ್ರದ ಎಂಜಿನ್‌ಗೇ ಅಂತ ಮಾಡಿದ್ದು. 1961ರಿಂದ ಬಂದ ಆಕ್ಸ್‌ಫರ್ಡ್ ಸೀರೀಸ್ 6ಕ್ಕೂ ಅದರ ಅವಳಿ ಆಸ್ಟಿನ್ ಎ60 ಕೇಂಬ್ರಿಜ್‌ಗೂ ಇದು ಆಪ್ಷನ್ ಇತ್ತು, ಆ ಗಾಡಿಗಳ ಎಂಜಿನ್ ಏನಪ್ಪಾ ಅಂದ್ರೆ ಇದೇ ಬಿ-ಸೀರೀಸ್, 1622 ಸಿಸಿಗೆ ಹಿಗ್ಗಿಸಿದ್ದು. ಎಂಜಿಬಿ ಸ್ಪೋರ್ಟ್ಸ್ ಕಾರಿಗೂ 1967ರಿಂದ 1973ರವರೆಗೆ ಇದೇ ಟೈಪ್ 35 ಕೊಡ್ತಿದ್ರು, ಆದ್ರೆ ಎಂಜಿಬಿಯ 1798 ಸಿಸಿ ಎಂಜಿನ್‌ಗೆ ಆ ಹೊತ್ತಿಗೆ ಕ್ರ್ಯಾಂಕ್ ಶಾಫ್ಟ್ ಹೊರೋ ಮೇನ್ ಬೇರಿಂಗ್ ಐದು, ನಮ್ಮದಕ್ಕೆ ಮೂರೇ, ಹಿಂದಿನ ಪ್ಲೇಟು ಬೇರೆ, ಅದರದ್ದು ಹಾಗೇ ಕೂರಲ್ಲ. ಆಕ್ಸ್‌ಫರ್ಡಿಂದಾದ್ರೆ ಕೂರತ್ತೆ. ರಾತ್ರಿ ಒಂದೂವರೆ ಆಗಿತ್ತು, ಎದ್ದು ಹೋಗಿ ಗ್ಯಾರೇಜ್ ಲೈಟ್ ಹಾಕಿ ಬಾನೆಟ್ ಎತ್ತಿ ಸುಮ್ಮನೆ ನೋಡ್ಕೊಂಡು ನಿಂತಿದ್ದೆ.

ಬೇರೆ ಯಾವುದೋ ಗಾಡಿಯ ಗೇರ್‌ಬಾಕ್ಸ್ ತಂದು ತುರುಕೋದಲ್ಲ ಇದು, ಅದೇ ಮನೆತನದ್ದು ಅನ್ನೋದು ನನಗೆ ದೊಡ್ಡ ಸಮಾಧಾನ ಆಯ್ತು. ಹಳೇ ಗಾಡಿ ಇಟ್ಕೊಂಡಿರೋ ಸ್ನೇಹಿತರಿಗೆ ಆಗಲಿಲ್ಲ. ಒಬ್ಬನಂತೂ "ತಾತನ ಗಡಿಯಾರಕ್ಕೆ ಬ್ಯಾಟರಿ ಹಾಕ್ತೀಯೇನೋ" ಅಂದ. ಒರಿಜಿನಾಲಿಟಿ ಅನ್ನೋ ಪದ ಆ ತಿಂಗಳು ಎಷ್ಟು ಸಲ ಕೇಳಿದೆ ಅಂದ್ರೆ ಕನಸಲ್ಲೂ ಬರ್ತಿತ್ತು. ಅವರು ಹೇಳೋದರಲ್ಲಿ ಸತ್ಯ ಇಲ್ಲ ಅಂತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್, ವಿಎ ಅಕ್ಷರ ಇರೋ ನಂಬರ್ ಪ್ಲೇಟ್ ಸಿಗತ್ತೆ, ಆದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನಬಳಕೆಗೆ ರಸ್ತೆಗೆ ಇಳಿಸೋ ಹಾಗಿಲ್ಲ. ಅಪ್ಪನಿಗೆ ದೇವರಾಜ ಮಾರ್ಕೆಟ್‌ಗೆ ಹೋಗಿ ವೀಳ್ಯದೆಲೆ ತರಬೇಕು. ನಮಗೆ ಆ ಪ್ಲೇಟ್ ಬೇಡ ಅಂತ ಅಲ್ಲೇ ತೀರ್ಮಾನ ಆಯ್ತು.

ಕಾನೂನಿನ ಕಡೆ ಹುಷಾರಾಗೇ ಇದ್ದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳತ್ತೆ, 2019ರ ಜನವರಿಲಿ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿಯಾಗಿ ಹೇಳಿದೆ. ಆದ್ರೆ ಅದೇ ವರ್ಷದ ತಿದ್ದುಪಡಿಲಿ ದೈಹಿಕ ತೊಂದರೆ ಇರೋರಿಗೆ ಗಾಡಿನ ಅಡಾಪ್ಟೆಡ್ ವೆಹಿಕಲ್ ಮಾಡ್ಕೊಳ್ಳೋಕೆ ಅನುಮತಿ ಕೇಳೋ ದಾರಿನೂ ಇದೆ. ಡಾಕ್ಟ್ರ ಸರ್ಟಿಫಿಕೇಟು, ಅರ್ಜಿ, ಇನ್ಶೂರೆನ್ಸಿಗೆ ಪತ್ರ. ಎಂಜಿನ್ ನಂಬರ್ ಅದೇ, ಚಾಸಿ ನಂಬರ್ ಅದೇ, ಬಾಡಿಗೆ ಕತ್ತರಿ ಹಾಕಲ್ಲ, ವೆಲ್ಡಿಂಗ್ ಇಲ್ಲ, ನಾಳೆ ಬೇಕಂದ್ರೆ ಹಳೇ ಗೇರ್‌ಬಾಕ್ಸ್ ವಾಪಸ್ ಕೂರಬೇಕು, ಇದು ನಾನೇ ನನಗೆ ಹಾಕೊಂಡ ಷರತ್ತು.

ಚಿಕ್ಕಪ್ಪನ ಮಗ ಇಂಗ್ಲೆಂಡಲ್ಲಿ ಡಾಕ್ಟ್ರು, ಬರ್ಮಿಂಗ್‌ಹ್ಯಾಮ್ ಹತ್ರ. ಅವನಿಗೆ ಕಾರಂದ್ರೆ ಏನೂ ಗೊತ್ತಿಲ್ಲ, ಅದೇ ಒಳ್ಳೇದಾಯ್ತು, ಒರಿಜಿನಾಲಿಟಿ ಅನ್ನಲಿಲ್ಲ. ತುಕ್ಕು ಹಿಡಿದು ಗುಜರಿಗೆ ಬಂದಿದ್ದ ಒಂದು ಸೀರೀಸ್ 6 ಆಕ್ಸ್‌ಫರ್ಡ್ ಆಟೋಮ್ಯಾಟಿಕ್‌ನ ಹುಡುಕಿ ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್, ಬೆಲ್ ಹೌಸಿಂಗ್, ಡ್ರೈವ್ ಪ್ಲೇಟ್, ಸ್ಟಿಯರಿಂಗ್ ಕಾಲಮ್ಮಿಂದ ಹೋಗೋ ರಾಡುಗಳು, ಎಲ್ಲಾ ಬಿಚ್ಚಿಸಿ ಮರದ ಪೆಟ್ಟಿಗೆಗೆ ಹಾಕ್ಸಿ ಹಡಗಲ್ಲಿ ಕಳಿಸಿದ. ಪೆಟ್ಟಿಗೆ ಬಂದರಲ್ಲಿ ಮೂರು ವಾರ ಕೂತಿತ್ತು, ಆ ಕಾಗದ-ಪತ್ರದ ಪುರಾಣ ಬೇಡ.

ಇನ್ನು ಭಾಯ್. ನಮ್ಮ ಗಾಡಿನ ಇಪ್ಪತ್ತೈದು ವರ್ಷದಿಂದ ನೋಡ್ತಿರೋ ಮೆಕ್ಯಾನಿಕ್, ಅಂಬಾಸಿಡರ್ ಎಂಜಿನ್ ಕಣ್ಣು ಮುಚ್ಕೊಂಡು ಬಿಚ್ಚಿ ಜೋಡಿಸ್ತಾರೆ, ಆಟೋಮ್ಯಾಟಿಕ್ ಮಾತ್ರ ಯಾವತ್ತೂ ಕೈ ಹಾಕಿಲ್ಲ. ಪೆಟ್ಟಿಗೆ ತೆಗೆದು ನೋಡಿ ಅರ್ಧ ಗಂಟೆ ಬೀಡಿ ಸೇದ್ತಾ ಕೂತ್ರು. ಆಮೇಲೆ "ಮಾಡಣ ಸಾರ್, ಮನುಷ್ಯನೇ ಮಾಡಿರೋದಲ್ವಾ" ಅಂದ್ರು. ಸರ್ವಿಸ್ ಮ್ಯಾನ್ಯುಯಲ್ ಪ್ರಿಂಟ್ ತೆಗೆದು ನಾನು ಓದಿ ಹೇಳೋದು, ಅವರು ಬಿಚ್ಚೋದು. ಒಳಗೆ ರಬ್ಬರ್ ಸೀಲ್‌ಗಳೆಲ್ಲ ಕಲ್ಲಾಗಿದ್ವು, ಗೇರುಗಳನ್ನ ಹಿಡಿಯೋ ಒಳಗಿನ ಕ್ಲಚ್ ಪ್ಲೇಟ್ ಸವೆದಿತ್ತು, ಕಿಟ್ ತರಿಸಿದ್ವಿ. ವಾಲ್ವ್ ಬಾಡಿ ಅನ್ನೋ ಭಾಗ ಬಿಚ್ಚಿದಾಗ ಒಳಗಿನ ದಾರಿಗಳ ಸುತ್ತು ನೋಡಿ ಭಾಯ್, "ಇದೇನ್ ಸಾರ್, ಜಿಲೇಬಿ" ಅಂದ್ರು.

ಆ ಜಿಲೇಬಿ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನಾನು ಮರುಳಾಗಿದ್ದೇ ಅದಕ್ಕೆ. ಇಡೀ ಗೇರ್‌ಬಾಕ್ಸಲ್ಲಿ ಎಲೆಕ್ಟ್ರಾನಿಕ್ಸ್ ಅನ್ನೋದೇ ಇಲ್ಲ. ಹಿಂದಿನ ಶಾಫ್ಟ್ ಮೇಲೆ ಗವರ್ನರ್ ಅಂತ ಒಂದು ತೂಕ ತಿರುಗ್ತಿರತ್ತೆ, ಗಾಡಿ ವೇಗ ಏರಿದ ಹಾಗೆ ಅದು ಎಣ್ಣೆ ಒತ್ತಡ ಏರಿಸತ್ತೆ. ಇನ್ನೊಂದು ಕಡೆ ಆಕ್ಸಿಲರೇಟರಿಂದ ಒಂದು ಕೇಬಲ್ ಬಂದು ಕಾಲು ಎಷ್ಟು ಒತ್ತಿದೀವೋ ಅಷ್ಟು ಒತ್ತಡ ಎದುರಿಗೆ ಕೊಡತ್ತೆ. ಮಧ್ಯದಲ್ಲಿ ಬೆರಳಿನಷ್ಟು ದಪ್ಪದ ಒಂದು ವಾಲ್ವು. ವೇಗ ಗೆದ್ರೆ ಮೇಲಿನ ಗೇರು, ಕಾಲು ಗೆದ್ರೆ ಕೆಳಗಿನ ಗೇರು. ತಕ್ಕಡಿ ಅಷ್ಟೇ. ಅಪ್ಪ ಕಿವಿಲಿ ಕೇಳಿ ಮಾಡ್ತಿದ್ದ ಲೆಕ್ಕನ ಎಣ್ಣೆ ಮಾಡತ್ತೆ.

ಕ್ಲಚ್ ಬದಲಿಗೆ ಬರೋ ಟಾರ್ಕ್ ಕನ್ವರ್ಟರ್ ಇನ್ನೂ ಹಳೇ ವಿದ್ಯೆ, ಹಡಗಿಗೋಸ್ಕರ ಫೊಟಿಂಗರ್ ಅನ್ನೋ ಜರ್ಮನ್ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಮಾಡಿದ್ದು. ಮದುವೆ ಮನೇಲಿ ಸಾರಿನ ಕೊಳದಪ್ಪಲೆ ನೋಡಿದೀರಲ್ಲ, ಭಟ್ರು ದೊಡ್ಡ ಸೌಟು ಹಾಕಿ ತಿರುಗಿಸಿದ್ರೆ ಮೇಲೆ ತೇಲ್ತಿರೋ ಕರಿಬೇವೂ ಸುತ್ತತ್ತೆ, ಸೌಟು ಕರಿಬೇವಿಗೆ ತಾಗೇ ಇರಲ್ಲ. ಸೌಟು ಎಂಜಿನ್ನು, ಕರಿಬೇವು ಚಕ್ರ. ಬ್ರೇಕ್ ಹಿಡಿದು ನಿಂತ್ರೆ ಕರಿಬೇವು ನಿಂತಿರತ್ತೆ, ಸಾರು ಸುತ್ತುತ್ತಿರತ್ತೆ, ಎಂಜಿನ್ ಆಫ್ ಆಗಲ್ಲ. ಇದರ ಜೊತೆ ಮಧ್ಯದಲ್ಲಿ ಸ್ಟೇಟರ್ ಅಂತ ಇನ್ನೊಂದು ಚಕ್ರ ಇದೆ, ವಾಪಸ್ ಬರೋ ಎಣ್ಣೆನ ಸರಿಯಾದ ದಿಕ್ಕಿಗೆ ತಿರುಗಿಸಿ ಬಿಡತ್ತೆ, ಅದರಿಂದ ನಿಂತಲ್ಲಿಂದ ಹೊರಡೋವಾಗ ಎಳೆತ ಹತ್ತಿರ ಹತ್ತಿರ ಎರಡರಷ್ಟಾಗತ್ತೆ. ಟೈಪ್ 35ರ ಫಸ್ಟ್ ಗೇರ್ ಅನುಪಾತ 2.39, ಸೆಕೆಂಡ್ 1.45, ಟಾಪ್ 1. ಬರೀ ಸಂಖ್ಯೆ ನೋಡಿದ್ರೆ 2.39 ಅಂಬಾಸಿಡರ್‌ನಂಥ ಭಾರದ ಗಾಡಿಗೆ ಏನೇನೂ ಸಾಲದು, ಕನ್ವರ್ಟರಿನ ಎರಡು ಸೇರಿಸಿ ಗುಣಿಸಿದ್ರೆ ನಾಲ್ಕೂಮುಕ್ಕಾಲು ಆಗತ್ತೆ, ಅಲ್ಲಿಗೆ ನಡೆಯತ್ತೆ.

ಜೋಡಿಸೋ ಕೆಲಸ ಓದೋಕೆ ಸುಲಭ. ಫ್ಲೈವೀಲ್ ತೆಗಿ, ಅದರ ಜಾಗಕ್ಕೆ ತೆಳು ಡ್ರೈವ್ ಪ್ಲೇಟ್ ಹಾಕು. ಕ್ರ್ಯಾಂಕ್ ಹಿಂಬದಿ ಇದ್ದ ಹಳೇ ಬುಷ್ ಕಿತ್ತು ಕನ್ವರ್ಟರ್ ಮೂತಿ ಕೂರೋ ಅಳತೆಗೆ ಹೊಸದು ಲೇತಲ್ಲಿ ಮಾಡ್ಸು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಉದ್ದ ಹೊಂದಲ್ಲ, ಇನ್ನೊಂದು ಶಾಫ್ಟ್ ತಂದು ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡ್ಸು, ಇಲ್ಲಾಂದ್ರೆ ಅರವತ್ತರ ಮೇಲೆ ಇಡೀ ಗಾಡಿ ನಡುಗತ್ತೆ. ಗೇರ್‌ಬಾಕ್ಸ್ ದಪ್ಪ ಜಾಸ್ತಿ, ನೆಲದ ಉಬ್ಬು ಸಾಲಲ್ಲ, ಟಿಂಕರಿಂಗ್ ಹುಡುಗ ಮರದ ಸುತ್ತಿಗೆಲಿ ಎರಡು ದಿನ ಬಡಿದು ಜಾಗ ಮಾಡಿದ. ಕ್ಲಚ್ ಪೆಡಲ್ ಬಿಚ್ಚಿ, ಬ್ರೇಕ್ ಪೆಡಲ್ ಅಗಲ ಮಾಡ್ಸಿದ್ವಿ. ಹೆಡ್‌ಲೈಟ್ ಡಿಪ್ ಮಾಡೋ ಬಟನ್ ಈ ಗಾಡಿಲಿ ನೆಲದ ಮೇಲಿದೆ, ಎಡಗಾಲಲ್ಲೇ ಒತ್ತಬೇಕು! ಅದು ಅಪ್ಪನೇ ನೆನಪು ಮಾಡಿದ್ದು, ಕೈಗೆ ಸಿಗೋ ಹಾಗೆ ಮೇಲೆ ತಂದ್ವಿ. ನಮ್ಮ ಬಿಸಿಲಿಗೆ ಎಣ್ಣೆ ಕಾಯತ್ತೆ ಅಂತ ರೇಡಿಯೇಟರ್ ಮುಂದೆ ಒಂದು ಆಯಿಲ್ ಕೂಲರ್, ಸರಿಯಾಗಿ ಮಧ್ಯಕ್ಕೆ, ಗ್ರಿಲ್ ಹಿಂದೆ ನೋಡೋಕೂ ಲಕ್ಷಣವಾಗಿತ್ತು.

ಮತ್ತೆ ಎಣ್ಣೆಗೆ ಒತ್ತಡ ಕೊಡೋ ಪಂಪ್ ಒಡೆದ ದಿನ. ಕನ್ವರ್ಟರ್‌ನ ಗೇರ್‌ಬಾಕ್ಸ್ ಮೂತಿಗೆ ಕೂರಿಸೋವಾಗ ತಿರುಗಿಸ್ತಾ ಒಳಗೆ ತಳ್ಳಬೇಕು, ಮೂರು ಕಡೆ ಹಲ್ಲು ಕೂರಬೇಕು, ಒಂದಾದ ಮೇಲೊಂದು ಮೂರು ಸಲ ಠಕ್ ಅಂತ ಒಳಗೆ ಹೋಗತ್ತೆ. ನಮಗೆ ಎರಡೇ ಕೇಳಿಸ್ತು. ಸಂಜೆ ಆಗಿತ್ತು, ಕರೆಂಟ್ ಹೋಗಿತ್ತು, ಗೇರ್‌ಬಾಕ್ಸ್ ಎತ್ತಿ ಎಂಜಿನ್‌ಗೆ ಹಿಡಿದ್ರೆ ಅರ್ಧ ಇಂಚು ಸಂದು ಉಳಿದಿದೆ. ಭಾಯ್ "ಬೇಡ ಸಾರ್, ನಾಳೆ ನೋಡಣ" ಅಂದ್ರು. ಬೋಲ್ಟ್ ಟೈಟ್ ಮಾಡಿದ್ರೆ ಹತ್ತಿರ ಬರತ್ತೆ ಬಿಡಿ ಅಂದೋನು ನಾನು, ಬುದ್ಧಿವಂತ. ಬಂತು, ಸಂದು ಮುಚ್ತು, ಜೊತೆಗೆ ಒಳಗಿನ ಪಂಪ್ ಗೇರೂ ಸೀಳಿತು. ಸ್ಟಾರ್ಟ್ ಮಾಡಿದಾಗ ಬಂದ ಸದ್ದು ಇನ್ನೂ ಕಿವಿಲಿದೆ. ಹೊಸ ಪಂಪ್ ಬರೋಕೆ ಎರಡು ತಿಂಗಳು, ಬಂದಿದ್ದು ನಮ್ಮ ಇಂಗ್ಲೆಂಡ್ ಡಾಕ್ಟ್ರ ಅತ್ತೆ ಸೂಟ್‌ಕೇಸಲ್ಲಿ, ಚಾಕ್ಲೇಟ್ ಇರಬೇಕಾದ ಜಾಗದಲ್ಲಿ, ಇವತ್ತಿಗೂ ಆ ಯಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಎಣ್ಣೆದೂ ಒಂದು ಪಾಠ. ಅಂಗಡಿಗೆ ಹೋಗಿ ಆಟೋಮ್ಯಾಟಿಕ್ ಆಯಿಲ್ ಅಂದ್ರೆ ಕೈಗೆ ಕೊಡೋದು ಡೆಕ್ಸ್ರಾನ್ ಜಾತಿದು, ಕೆಂಪಗೆ ಶರಬತ್ತಿನ ಹಾಗಿರತ್ತೆ. ಟೈಪ್ 35ಕ್ಕೆ ಬೇಕಾಗಿರೋದು ಟೈಪ್ ಎಫ್, ಅದೂ ಕೆಂಪೇ, ಆದ್ರೆ ಅದರಲ್ಲಿ ಜಾರಿಸೋ ರಾಸಾಯನಿಕ ಸೇರಿಸಿರಲ್ಲ, ಒಳಗಿನ ಕ್ಲಚ್ಚು, ಡ್ರಮ್ಮನ್ನ ಸುತ್ತಿ ಹಿಡಿಯೋ ಬ್ಯಾಂಡು ಗಬಕ್ಕಂತ ಹಿಡಿಯತ್ತೆ. ತಪ್ಪು ಎಣ್ಣೆ ಹಾಕಿದ್ರೆ ಗೇರು ಜಾರ್ತಾ ಜಾರ್ತಾ ಬದಲಾಗಿ ಪ್ಲೇಟು ಸುಟ್ಟು ಹೋಗತ್ತೆ. ಆರು ಲೀಟರ್ ಹತ್ರ ಬೇಕಾಯ್ತು, ಒಂದೊಂದು ಡಬ್ಬನೂ ತುಪ್ಪದ ಹಾಗೆ ಸುರಿದ್ವಿ. ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ ಖರ್ಚು. ಆ ದುಡ್ಡಿಗೆ ಓಡೋ ಆಟೋಮ್ಯಾಟಿಕ್ ಕಾರೇ ಬರ್ತಿತ್ತು ಅಂತ ಅಮ್ಮ ಹೇಳಿದ್ಲು, ನಿಜ.

ಗೇರ್ ಕಡ್ಡಿ ಮಾತ್ರ ಇದ್ದ ಜಾಗದಲ್ಲೇ ಉಳೀತು. ಆಕ್ಸ್‌ಫರ್ಡಲ್ಲೂ ಸೆಲೆಕ್ಟರ್ ಸ್ಟಿಯರಿಂಗ್ ಕಾಲಮ್ ಮೇಲೇ ಇತ್ತಲ್ಲ, ಅದೇ ರಾಡುಗಳು ನಮ್ಮ ಕಾಲಮ್ಮಿಗೆ ಸ್ವಲ್ಪ ತಿದ್ದಿದ್ರೆ ಹೊಂದಿಕೊಂಡ್ವು, ಕಡ್ಡಿಯ ತುದಿಗೆ ಅಪ್ಪನ ಕೈಯಲ್ಲಿ ಸವೆದ ಅದೇ ಹಳೇ ಗುಬಟು ಹಾಕ್ಸಿದೆ. ಪಿ ಅಂದ್ರೆ ಪಾರ್ಕಿಂಗ್, ಆರ್ ರಿವರ್ಸ್, ಎನ್ ನ್ಯೂಟ್ರಲ್, ಡಿ ಡ್ರೈವ್, ಎಲ್ ಲೋ. ಅಷ್ಟೇ.

ಮೊದಲ ದಿನ ಅಪ್ಪ ಕೂತು ಸೀಟು ಸರಿ ಮಾಡ್ಕೊಂಡು ಡಿಗೆ ಹಾಕಿದ್ರು. ಕಾಲು ಇಡದೇನೇ ಗಾಡಿ ಮೆಲ್ಲಗೆ ತೆವಳೋಕೆ ಶುರು ಮಾಡ್ತು. "ಲೋ, ಹೋಗ್ತಿದೆ ಕಣೋ" ಅಂದ್ರು, ಹಗ್ಗ ಬಿಚ್ಚಿಕೊಂಡ ಕರು ನೋಡಿದ ಹಾಗೆ. ಲೇಔಟ್ ಒಂದು ಸುತ್ತು. ಸೆಕೆಂಡಿಗೆ ಬೀಳೋವಾಗ ಎಡಗೈ ಕಡ್ಡಿಗೆ ಹೋಯ್ತು, ಎಡಗಾಲಿನ ಮೊಣಕಾಲು ಸ್ವಲ್ಪ ಅಲುಗಿತು. ಒತ್ತೋಕೆ ಏನೂ ಇಲ್ಲ. ಕೈ ವಾಪಸ್ ಬಂತು. ಇವತ್ತಿಗೂ ಬರತ್ತೆ, ಹೋಗತ್ತೆ. ನಾನು ನೋಡಿಲ್ಲದ ಹಾಗೆ ಇರ್ತೀನಿ.

ಗಾಡಿ ಈಗ ಸೋಮಾರಿ. ಸುಳ್ಳು ಹೇಳಲ್ಲ. 55 ಕುದುರೇಲಿ ನಾಲ್ಕೈದು ಎಣ್ಣೆ ಕಾಯ್ಸೋಕೇ ಹೋಗತ್ತೆ ಅನ್ಸತ್ತೆ, ಕನ್ವರ್ಟರಿಗೆ ಈಗಿನ ಗಾಡಿಗಳ ಹಾಗೆ ಲಾಕ್ ಆಗೋ ವ್ಯವಸ್ಥೆ ಇಲ್ಲ, ಟಾಪಲ್ಲೂ ಸ್ವಲ್ಪ ಜಾರ್ತಾನೇ ಇರತ್ತೆ. ಮೊದಲು ಲೀಟರಿಗೆ ಹತ್ತು ಹನ್ನೊಂದು ಕೊಡ್ತಿದ್ದಿದ್ದು ಈಗ ಒಂಬತ್ತು ಬಂದ್ರೆ ಹೆಚ್ಚು. ಚಾಮುಂಡಿ ಬೆಟ್ಟ ಹತ್ತಿಸಿದಾಗ ಡಿನಲ್ಲೇ ಬಿಟ್ರೆ ಫಸ್ಟಿಗೆ ಹೋಗಲೋ ಸೆಕೆಂಡಲ್ಲೇ ಇರಲೋ ಅಂತ ತೂಗಾಡ್ತಿತ್ತು. ಅಪ್ಪ ಎರಡನೇ ತಿರುವಿಗೇ ಅದರ ಸ್ವಭಾವ ಹಿಡಿದುಬಿಟ್ರು, ತಿರುವಿಗೆ ಮುಂಚೆ ಎಲ್‌ಗೆ ಎಳೆದು, ಆಚೆ ಬಂದ ಮೇಲೆ ಡಿಗೆ ಬಿಡೋದು. ಇಳಿಯೋವಾಗ ಎಲ್ ಇನ್ನೂ ಮುಖ್ಯ, ಯಾಕಂದ್ರೆ ಡಿನಲ್ಲಿ ಫಸ್ಟ್ ಗೇರು ಒಂದೇ ದಿಕ್ಕಿಗೆ ಹಿಡಿಯೋ ಕ್ಲಚ್ ಮೇಲೆ ನಡೆಯತ್ತೆ, ಎಂಜಿನ್ ತಡೆಯಲ್ಲ, ಎಲ್‌ಗೆ ಹಾಕಿದ್ರೆ ಬ್ಯಾಂಡ್ ಹಿಡ್ಕೊಂಡು ಎಂಜಿನ್ನೇ ಗಾಡಿನ ಹಿಂದಕ್ಕೆ ಎಳೆಯತ್ತೆ. ನಂದಿ ಹತ್ರ ನಿಲ್ಸಿ ಇಳಿದಾಗ ಅಪ್ಪನ ಮುಖ ನೋಡ್ಬೇಕಿತ್ತು, "ಇದಕ್ಕೂ ಓಡ್ಸೋ ರೀತಿ ಅಂತ ಒಂದಿದೆ" ಅಂದ್ರು. ನಾನು ಇಷ್ಟು ದಿನ ಅವರ ಕೈಯಿಂದ ಏನೋ ಕಿತ್ಕೊಂಡೆ ಅಂತ ಒಳಗೊಳಗೇ ಕೊರಗ್ತಿದ್ದಿದ್ದು, ಅವರು ನೋಡಿದ್ರೆ ಹೊಸ ವಿದ್ಯೆ ಕಲಿಯೋ ಖುಷೀಲಿದ್ದಾರೆ.

ಅಮ್ಮನೂ ಓಡಿಸಿದ್ಲು, ಹೇಳಿಬಿಡ್ತೀನಿ. 1989ರಲ್ಲಿ ಇದೇ ಗಾಡೀಲಿ ಕಲಿಯೋಕೆ ಹೋಗಿ ಕ್ಲಚ್ ಬಿಟ್ಟು ಗೇಟಿನ ಕಂಬಕ್ಕೆ ಗುದ್ದಿ, ಅಪ್ಪ ಏನೋ ಅಂದು, ಅಲ್ಲಿಗೆ ನಿಲ್ಲಿಸಿದ್ದು. ಈಗ ಕ್ಲಚ್ ಇಲ್ಲವಲ್ಲ, ಎಲ್‌ಎಲ್‌ಆರ್ ಮಾಡ್ಸು ಅಂದ್ಲು, ಮಾಡ್ಸಿದೆ. ನಾನು ಇದೊಂದು ದೊಡ್ಡ ಕಥೆ ಆಗತ್ತೆ ಅಂತ ಫೋನ್ ಹಿಡ್ಕೊಂಡು ವಿಡಿಯೋ ಮಾಡೋಕೆ ನಿಂತಿದ್ದೆ. ಖಾಲಿ ರೋಡಲ್ಲಿ ಹಾಲಿನ ಬೂತ್‌ವರೆಗೂ ಹೋಗಿ ತಿರುಗಿಸೋವಾಗ "ರೀ, ಇದು ಸ್ಟಿಯರಿಂಗಾ ರುಬ್ಬೋ ಕಲ್ಲಾ" ಅಂತ ಅಪ್ಪನ್ನ ಬೈದು, ವಾಪಸ್ ಬಂದು ಇಳಿದು ಅಡುಗೆ ಮನೆಗೆ ಹೋದೋಳು ಆಮೇಲೆ ಕೀ ಮುಟ್ಟಿಲ್ಲ. ಪವರ್ ಸ್ಟಿಯರಿಂಗ್ ಹಾಕ್ಸೋಣ್ವಾ ಅಂದೆ. ಇಬ್ರೂ ಒಟ್ಟಿಗೆ ಬೇಡ ಅಂದ್ರು.

ಹಳೇ ಗೇರ್‌ಬಾಕ್ಸು ಗ್ರೀಸ್ ಹಚ್ಚಿ ಗೋಣಿಚೀಲ ಸುತ್ತಿ ಮೆಟ್ಟಿಲ ಕೆಳಗಿದೆ. ಅದರ ಮೇಲೆ ಈಗ ತೆಂಗಿನಕಾಯಿ ಇಡ್ತಾರೆ.

ಒಂದು ವಿಷಯ ಹೇಳೋದು ಮರೆತಿದ್ದೆ. ಶುರುವಿನ ಟೈಪ್ 35ಗಳಿಗೆ ಮುಂದೊಂದು ಹಿಂದೊಂದು ಎರಡು ಪಂಪ್ ಇರ್ತಿತ್ತು, ಹಿಂದಿನ ಪಂಪು ಚಕ್ರದಿಂದ ತಿರುಗೋದು, ಹಾಗಾಗಿ ಜೋರಾಗಿ ತಳ್ಳಿ ಇಲ್ಲಾ ಎಳೆದು ಸ್ಟಾರ್ಟ್ ಮಾಡಬಹುದಿತ್ತು. ಆಮೇಲೆ ಬಂದವಕ್ಕೆ ಹಿಂದಿನ ಪಂಪ್ ತೆಗೆದುಹಾಕಿದ್ರು. ನಮ್ಮದು ಆಮೇಲೆ ಬಂದಿದ್ದು. ಎಂಜಿನ್ ತಿರುಗದೆ ಎಣ್ಣೆ ಒತ್ತಡ ಬರಲ್ಲ, ಒತ್ತಡ ಇಲ್ಲದೆ ಗೇರು ಹಿಡಿಯಲ್ಲ, ಅಂದ್ರೆ ಬೆಂಗಳೂರಿನವರೆಗೂ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ. ಅಂಬಾಸಿಡರ್ ಇಟ್ಕೊಂಡು ಇದನ್ನ ಒಪ್ಕೊಳ್ಳೋದು ಕಷ್ಟ ಸ್ವಾಮಿ. ನಮ್ಮ ಬೀದಿಯ ಎರಡು ತಲೆಮಾರಿನ ಹುಡುಗ್ರು ಆ ಗಾಡಿ ತಳ್ಳಿಯೇ ದೊಡ್ಡವರಾಗಿದ್ದು.

ಕಳೆದ ಕಾರ್ತಿಕದಲ್ಲಿ ನಂಜನಗೂಡಿಗೆ ಹೋಗಿದ್ವಿ, ಅಪ್ಪನೇ ಓಡಿಸಿದ್ದು. ಸಂಜೆ ಟ್ರಾಫಿಕ್ಕು, ಹೆಡ್‌ಲೈಟ್ ಆನು, ಡಿನಲ್ಲಿ ತೆವಳ್ತಾ ತೆವಳ್ತಾ ಒಂದು ಗಂಟೆ. ಈ ಗಾಡಿಗಿರೋದು ಡೈನಮೋ, ಎಂಜಿನ್ ಮೆಲ್ಲಗೆ ತಿರುಗೋವಾಗ ಚಾರ್ಜೇ ಕೊಡಲ್ಲ. ಕ್ಲಚ್ ಇದ್ದಾಗ ಅಪ್ಪ ನ್ಯೂಟ್ರಲ್ಲಲ್ಲಿ ನಿಂತು ಒಂದೊಂದು ರೇಸ್ ಕೊಡ್ತಿದ್ರು, ಈಗ ಆ ಅಭ್ಯಾಸ ಹೋಗಿತ್ತು. ದೇವಸ್ಥಾನದಿಂದ ಹೊರಗೆ ಬಂದು ಕೀ ತಿರುಗಿಸಿದ್ರೆ ಕಟ್ ಅಂತ ಒಂದು ಸದ್ದು, ಆಮೇಲೆ ಏನಿಲ್ಲ. ಪರವಾಗಿಲ್ಲ, ಡಿಕ್ಕೀಲಿ ಹ್ಯಾಂಡಲ್ ಇದೆ, ಮುಂದೆ ಹಾಕಿ ತಿರುಗಿಸಿದ್ರಾಯ್ತು ಅಂತ ಹ್ಯಾಂಡಲ್ ತಗೊಂಡು ಹೋಗಿ ಗ್ರಿಲ್ ಕೆಳಗೆ ಬಗ್ಗಿದೆ. ಹ್ಯಾಂಡಲ್ ಹೋಗೋ ದಾರಿಗೆ ಸರಿಯಾಗಿ ಅಡ್ಡ, ಮಧ್ಯಕ್ಕೆ, ಲಕ್ಷಣವಾಗಿ, ನಮ್ಮ ಆಯಿಲ್ ಕೂಲರ್.

ಅಷ್ಟೊತ್ತಿಗೆ ಹೂವಿನ ಅಂಗಡಿ ಹುಡುಗ್ರು, ಆಟೋದೋರು, ಮಾಲೆ ಹಾಕಿದ್ದ ಐದಾರು ಸ್ವಾಮಿಗಳು ಎಲ್ಲಾ ಬಂದಾಗಿತ್ತು. ಅಂಬಾಸಿಡರ್ ನಿಂತ್ರೆ ಏನ್ ಮಾಡಬೇಕು ಅಂತ ಈ ಊರುಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. "ಕೂತ್ಕೊಳಿ ಯಜಮಾನ್ರೇ, ಸೆಕೆಂಡಲ್ಲಿ ಹಾಕೊಳಿ" ಅಂದ ಒಬ್ಬ. ನಾನು, ಇಲ್ಲಣ್ಣ ಇದು ಆಟೋಮ್ಯಾಟಿಕ್ಕು, ತಳ್ಳಿದ್ರೆ ಬರಲ್ಲ ಅಂದೆ. ಎಲ್ರೂ ನನ್ನ ಮುಖ ನೋಡಿ ನಕ್ರು. ಅಂಬಾಸಿಡರ್ರು, ಆಟೋಮ್ಯಾಟಿಕ್ಕಂತೆ. ಮಾತಾಡ್ತಿದ್ದ ಹಾಗೇ ಹತ್ತು ಕೈ ಡಿಕ್ಕಿ ಮೇಲೆ ಬಿದ್ದಾಗಿತ್ತು, ಸ್ವಾಮಿಯೇ ಶರಣಂ ಅಂತ ಒಂದು ಕೂಗು, ಗಾಡಿ ಉರುಳಿತು. ನಾನು ಪಕ್ಕದಲ್ಲಿ ಓಡ್ತಾ ಕಿಟಕಿಗೆ ಬಗ್ಗಿ, ಅಪ್ಪ ಹೇಳಿ ಅವರಿಗೆ ಅಂದೆ. ಅಪ್ಪ ಎನ್‌ಗೆ ಹಾಕೊಂಡು ಸ್ಟಿಯರಿಂಗ್ ಹಿಡಿದು ನೇರ ನೋಡ್ತಾ, "ಸುಮ್ನಿರೋ, ಪಾಪ ಇಷ್ಟು ಪ್ರೀತಿಯಿಂದ ತಳ್ತಿದಾರೆ" ಅಂದ್ರು. ರಥಬೀದಿ ಕೊನೆವರೆಗೂ ತಳ್ಳಿದ್ರು.